‘ಚಿತ್ರಕೃಪೆ: ಅಂತರ್ಜಾಲ’ ಎಂದು ಬರೆಯುವ ಮುನ್ನ

ಮರದ ಬೇಲಿಯ ಹಿಂದೆ ಮೂವರು ಹುಡುಗರು ನಿಂತಿದ್ದಾರೆ. ಒಬ್ಬ ಎತ್ತರ, ಒಬ್ಬ ಸಾಧಾರಣ, ಒಬ್ಬ ಪುಟಾಣಿ. ಬೇಲಿಯ ಆಚೆ ಆಟ ನಡೆಯುತ್ತಿದೆ. ಎಡಗಡೆಯ ಚಿತ್ರದಲ್ಲಿ ಮೂವರಿಗೂ ಒಂದೊಂದು ಪೆಟ್ಟಿಗೆ. ಪುಟಾಣಿಗೆ ಮಾತ್ರ ಬೇಲಿಯ ಹಲಗೆಯಷ್ಟೇ ಕಾಣುತ್ತದೆ. ಬಲಗಡೆ ಎತ್ತರದವನು ತನ್ನ ಪೆಟ್ಟಿಗೆಯನ್ನು ಬಿಟ್ಟುಕೊಟ್ಟಿದ್ದಾನೆ, ಪುಟಾಣಿ ಎರಡು ಪೆಟ್ಟಿಗೆಗಳ ಮೇಲೆ ಹತ್ತಿದ್ದಾನೆ, ಮೂವರೂ ಆಟ ನೋಡುತ್ತಿದ್ದಾರೆ. ಮೀಸಲಾತಿಯ ಚರ್ಚೆ ಎದ್ದಾಗಲೆಲ್ಲ ಈ ಚಿತ್ರ ‘ಸಮಾನತೆ’, ‘ಸಮತೆ’, ‘ಸಾಮಾಜಿಕ ನ್ಯಾಯ’ ಎಂಬ ಕನ್ನಡ ಪಟ್ಟಿಗಳನ್ನು ಅಂಟಿಸಿಕೊಂಡು ನಮ್ಮ ಮೊಬೈಲುಗಳಿಗೆ ಬರುತ್ತದೆ.

ಶಾಲೆಯೊಂದರ ಸ್ಮರಣ ಸಂಚಿಕೆಗೆ ಈ ಚಿತ್ರವನ್ನು ಬಳಸಲು ಹೊರಟಾಗ ಅದರ ಕೆಳಗೆ ಯಾರ ಹೆಸರು ಹಾಕುವುದು ಎಂಬ ಪ್ರಶ್ನೆ ಬಂತು. ‘ಚಿತ್ರಕೃಪೆ: ಅಂತರ್ಜಾಲ ಎಂದು ಹಾಕಿದರೆ ಆಯಿತಲ್ಲ’ ಎಂದರು ಜೊತೆಯಲ್ಲಿದ್ದವರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಅಂತರ್ಜಾಲ ಕುಂಚ ಹಿಡಿಯುವುದಿಲ್ಲ. ಯಾರೋ ಒಬ್ಬರು ಕುಳಿತು, ಯೋಚಿಸಿ, ಗೆರೆ ಎಳೆದಿದ್ದಾರೆ. ಅವರು ಯಾರೆಂದು ಹುಡುಕಲು ಹೆಚ್ಚಿನ ವೇಳೆ ಒಂದು ಸಂಜೆ ಸಾಕು. ಹೇಗೆಂದು ಇದೇ ಚಿತ್ರವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಹುಡುಕುವ ಮುನ್ನ ನೋಡಿ

ಕೈಗೆ ಸಿಕ್ಕ ಪ್ರತಿಯನ್ನು ಹಾಗೆಯೇ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ಮೂಲ ಕಡತವನ್ನೇ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಆಂಡ್ರಾಯ್ಡ್ ಫೋನಿಗೆ ಬಂದ ಚಿತ್ರದ ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಒಟ್ಟಾಗಿ ಎಂಟು ಅಂಕಿಗಳಲ್ಲಿ ಇರುತ್ತವೆ. ಅದನ್ನು ಕಂಡು ಹಲವರು ‘ಚಿತ್ರ ಆ ದಿನದ್ದು’ ಎಂದು ತೀರ್ಮಾನಿಸುತ್ತಾರೆ. ಅದು ಚಿತ್ರ ನಿಮ್ಮ ಫೋನಿಗೆ ಬಂದ ದಿನ, ಅಷ್ಟೆ. ಬರೆದ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ. ಕಡತದ ಒಳಗಿನ ಮಾಹಿತಿಯನ್ನು ತೆರೆದು ನೋಡುವ ಉಪಾಯವೂ ಇಲ್ಲಿ ನಡೆಯದು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳುಹಿಸುವಾಗ ಆ ಮಾಹಿತಿಯನ್ನು ತೆಗೆದುಹಾಕುತ್ತದೆ.

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನಾಲ್ಕೂ ಅಂಚುಗಳನ್ನು ನೋಡಿ. ಮೊದಲು ಹುಡುಕಬೇಕಾದದ್ದು ಸಹಿಯನ್ನು. ವ್ಯಂಗ್ಯಚಿತ್ರಕಾರರ ಸಹಿ ಯಾವಾಗಲೂ ಕೆಳಗಿನ ಮೂಲೆಯಲ್ಲೇ ಇರುವುದಿಲ್ಲ. ಗೋಡೆಯ ಮೇಲೆ, ಕುರ್ಚಿಯ ಕಾಲಿನ ಪಕ್ಕ, ನೆರಳಿನ ಗೆರೆಗಳ ನಡುವೆ ಲಂಬವಾಗಿಯೂ ಇರಬಹುದು. ಸಹಿ ಇಲ್ಲದಿದ್ದರೆ ಅದು ಕತ್ತರಿಸಿಹೋದ ಗುರುತು ಇದೆಯೇ ನೋಡಿ: ಒಂದು ಬದಿಯಲ್ಲಿ ಮಾತ್ರ ಅಂಚು ಇಕ್ಕಟ್ಟಾಗಿರುವುದು, ಯಾರದ್ದೋ ಪಾದ ಅರ್ಧಕ್ಕೆ ನಿಂತಿರುವುದು, ಕೆಳಗಿನ ಪಟ್ಟಿಯ ಬಣ್ಣ ಮೇಲಿನದಕ್ಕೆ ಹೊಂದದಿರುವುದು. ಚಿತ್ರವನ್ನು ಹಂಚುವವರು ಮೊದಲು ಕತ್ತರಿಸುವುದೇ ಕೆಳಗಿನ ಪಟ್ಟಿಯನ್ನು. ಬರೆದವರ ಹೆಸರು ಸಾಮಾನ್ಯವಾಗಿ ಇರುವುದೂ ಅಲ್ಲಿಯೇ.

ಚಿತ್ರದೊಳಗಿನ ಅಕ್ಷರಗಳೂ ಕಾಲವನ್ನು ಹೇಳುತ್ತವೆ. ರೂಪಾಯಿಯ ಈಗಿನ ಚಿಹ್ನೆ ₹ ಕಂಡರೆ ಆ ಪ್ರತಿ 2010ರ ಜುಲೈಗಿಂತ ಹಿಂದಿನದ್ದಾಗಲು ಸಾಧ್ಯವಿಲ್ಲ. ಆ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡದ್ದೇ ಆಗ. ‘ಮೈಸೂರು ರಾಜ್ಯ’ ಎಂದು ವರ್ತಮಾನದ ಮಾತಿನಂತೆ ಬರೆದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಹಿಂದಿನದ್ದು ಎಂದು ಊಹಿಸಬಹುದು. ಆಣೆಯ ಲೆಕ್ಕ ಬಂದರೆ 1957ರಲ್ಲಿ ದಶಮಾನ ನಾಣ್ಯಗಳು ಬರುವುದಕ್ಕಿಂತ ಹಿಂದಿನದ್ದಿರಬಹುದು, ಆದರೆ ಜನ ಆಣೆಯನ್ನು ಬಹಳ ಕಾಲ ಬಾಯಲ್ಲಿ ಉಳಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು. ಕನ್ನಡ ಅಕ್ಷರ ತುಂಗಾ ಫಾಂಟಿನಲ್ಲಿದ್ದರೆ ಆ ಬರಹ ವಿಂಡೋಸ್ ಎಕ್ಸ್‌ಪಿ ಬಂದ 2001ರ ನಂತರದ್ದು.

ಇಲ್ಲೊಂದು ಎಚ್ಚರಿಕೆ ಬೇಕು. ಇವೆಲ್ಲ ಬರಹದ ವಯಸ್ಸನ್ನು ಹೇಳುತ್ತವೆ, ಗೆರೆಯ ವಯಸ್ಸನ್ನಲ್ಲ. ನಮಗೆ ಬರುವ ಚಿತ್ರಗಳಲ್ಲಿ ಕನ್ನಡದ ಮಾತನ್ನು ಬೇರೆ ಭಾಷೆಯ ಮಾತಿನ ಮೇಲೆ ಬಿಳಿ ಬಣ್ಣ ಬಳಿದು ಅಂಟಿಸಿರುವುದೇ ಹೆಚ್ಚು. ಮಾತಿನ ಗುಳ್ಳೆಯೊಳಗಿನ ಬಿಳುಪು ಸುತ್ತಲಿನ ಬಿಳುಪಿಗಿಂತ ಶುಭ್ರವಾಗಿದ್ದರೆ, ಗುಳ್ಳೆಯ ಗೆರೆ ಕೈಯಲ್ಲಿ ಎಳೆದದ್ದಾಗಿದ್ದು ಅಕ್ಷರ ಮಾತ್ರ ಯಂತ್ರದ್ದಾಗಿದ್ದರೆ, ಕನ್ನಡ ಆಮೇಲೆ ಬಂದದ್ದು ಎಂದುಕೊಳ್ಳಿ.

ಪೆಟ್ಟಿಗೆಯ ಚಿತ್ರವನ್ನು ಹೀಗೆ ನೋಡಿದಾಗ ನನಗೆ ಸಿಕ್ಕ ಸುಳಿವು ಮೈದಾನ. ಅದು ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ಅಲ್ಲಿಗೆ ಹುಡುಕಾಟದ ದಿಕ್ಕು ಅಮೆರಿಕದ ಕಡೆಗೆ ತಿರುಗಿತು.

ಚಿತ್ರದಿಂದ ಚಿತ್ರವನ್ನು ಹುಡುಕುವುದು

ಈಗ ಹುಡುಕು ಯಂತ್ರಗಳ ಸರದಿ. ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್, ಬಿಂಗ್: ನಾಲ್ಕನ್ನೂ ಬಳಸಿ, ಒಂದರಲ್ಲಿ ಸಿಗಲಿಲ್ಲವೆಂದು ನಿಲ್ಲಿಸಬೇಡಿ. ಅವು ಕೆಲಸ ಮಾಡುವ ಬಗೆ ಬೇರೆ ಬೇರೆ. ಕೆನಡಾದ ಟಿನ್‌ಐ 2008ರಿಂದ ಇದೆ. ಅದು ಚಿತ್ರದಲ್ಲಿ ಹುಡುಗನಿದ್ದಾನೆಯೇ ನಾಯಿಯಿದೆಯೇ ಎಂದು ನೋಡುವುದಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಗುರುತನ್ನು ತೆಗೆದುಕೊಂಡು, ಅದೇ ಚಿತ್ರದ ಕುಗ್ಗಿಸಿದ, ಕತ್ತರಿಸಿದ, ಬಣ್ಣ ಬದಲಿಸಿದ ಪ್ರತಿಗಳನ್ನು ಹುಡುಕುತ್ತದೆ. ಗೂಗಲ್ ಲೆನ್ಸ್ ಹೋಲುವ ಚಿತ್ರಗಳನ್ನೆಲ್ಲ ತಂದು ಸುರಿಯುತ್ತದೆ. ನಮ್ಮ ಕೆಲಸಕ್ಕೆ ಟಿನ್‌ಐನಲ್ಲಿ ಒಂದು ಅನುಕೂಲವಿದೆ: ಫಲಿತಾಂಶಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಬಹುದು. ಅದು ತೋರಿಸುವ ದಿನಾಂಕವಾದರೂ ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ. ಚಿತ್ರ ಅದಕ್ಕಿಂತ ಹಿಂದೆಯೇ ಅಲ್ಲಿ ಇದ್ದಿರಬಹುದು. ಜೊತೆಗೆ ಅತಿ ದೊಡ್ಡ ಅಳತೆಯ ಪ್ರತಿ ಯಾವುದು ಎಂದೂ ನೋಡಿ. ಪ್ರತಿಯಿಂದ ಪ್ರತಿಗೆ ಹೋಗುವಾಗ ಚಿತ್ರ ಸಾಮಾನ್ಯವಾಗಿ ಕುಗ್ಗುತ್ತದೆ. ದೊಡ್ಡ ಪ್ರತಿ ಮೂಲದ ಹತ್ತಿರ ಇರುವ ಸಂಭವ ಹೆಚ್ಚು, ಸಹಿ ಉಳಿದಿರುವ ಸಂಭವವೂ ಹೆಚ್ಚು.

ಏನೂ ಸಿಗದಿದ್ದರೆ ಅಂಟಿಸಿದ ಕನ್ನಡ ಪಟ್ಟಿಯನ್ನು ಕತ್ತರಿಸಿ, ಗೆರೆ ಇರುವ ಭಾಗವನ್ನಷ್ಟೇ ಕೊಟ್ಟು ನೋಡಿ. ಎರಡು ಚೌಕಟ್ಟುಗಳಿದ್ದರೆ ಒಂದೊಂದನ್ನೇ ಹಾಕಿ. ಎಡಬಲ ತಿರುಗಿಸಿ ಕನ್ನಡಿಯ ಬಿಂಬದಂತೆ ಮಾಡಿಯೂ ಹುಡುಕಿ. ಚಿತ್ರ ಕದಿಯುವವರು ಸಿಕ್ಕಿಬೀಳದಿರಲು ಮಾಡುವ ಹಳೆಯ ಉಪಾಯ ಅದು. ಜಪಾನಿನ ಮಾಂಗಾ, ಅನಿಮೆ ಶೈಲಿಯ ಚಿತ್ರವಾದರೆ ಸಾಸ್‌ನಾವ್ ಎಂಬ ತಾಣ ಅದಕ್ಕೆಂದೇ ಇದೆ.

ಪಟ್ಟಿಯ ಮಾತನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ

ಯಂತ್ರದ ಜೊತೆಗೆ ಪದಗಳಿಂದಲೂ ಹುಡುಕಬೇಕು. ಇಲ್ಲಿ ಬಹುತೇಕರು ಎಡವುತ್ತಾರೆ. ಚಿತ್ರದ ಮೇಲಿರುವ ಮಾತನ್ನೇ ಹುಡುಕುತ್ತಾರೆ. ಪೆಟ್ಟಿಗೆಯ ಚಿತ್ರದಲ್ಲಿ ನಾನೂ ಮೊದಲು ಇಂಗ್ಲಿಷಿನಲ್ಲಿ ‘ಈಕ್ವಾಲಿಟಿ, ಈಕ್ವಿಟಿ’ ಎಂದು ಹುಡುಕಿದೆ. ಸಾವಿರಾರು ಪ್ರತಿಗಳು ಬಂದವು, ಮೂಲ ಮಾತ್ರ ಬರಲಿಲ್ಲ. ಏಕೆಂದರೆ ಮೂಲ ಚಿತ್ರದಲ್ಲಿ ಆ ಜೋಡಿ ಪದಗಳೇ ಇರಲಿಲ್ಲ.

ಆದ್ದರಿಂದ ಕಣ್ಣಿಗೆ ಕಾಣುವ ವಸ್ತುಗಳನ್ನು ಬರೆಯಿರಿ: ಬೇಲಿ, ಪೆಟ್ಟಿಗೆ, ಬೇಸ್‌ಬಾಲ್, ಮೂವರು ಹುಡುಗರು. ಅದರ ಜೊತೆಗೆ ‘ಮೂಲ’, ‘ಕಲಾವಿದ’, ‘ಇತಿಹಾಸ’ ಎಂಬ ಅರ್ಥದ ಇಂಗ್ಲಿಷ್ ಪದವೊಂದನ್ನು ಸೇರಿಸಿ. ನಿಮಗಿಂತ ಮೊದಲೇ ಯಾರೋ ಇದೇ ಪ್ರಶ್ನೆ ಕೇಳಿರುತ್ತಾರೆ. ಗೂಗಲ್‌ನಲ್ಲಿ ಕಾಲದ ಮಿತಿಯನ್ನೂ ಹಾಕಬಹುದು: ಹುಡುಕುವ ಪದಗಳ ಕೊನೆಯಲ್ಲಿ ಇಂಗ್ಲಿಷಿನ ‘ಬಿಫೋರ್’ ಪದ, ಕೋಲನ್, ಜಾಗ ಬಿಡದೆ ವರ್ಷ. 2016, 2014, 2013 ಎಂದು ಹಿಂದೆ ಹಿಂದೆ ಸರಿಯುತ್ತ ಹೋದರೆ ಒಂದು ಹಂತದಲ್ಲಿ ಫಲಿತಾಂಶ ತೆಳುವಾಗುತ್ತದೆ. ಆ ಗಡಿಯ ಸುತ್ತಮುತ್ತಲೇ ಚಿತ್ರ ಹುಟ್ಟಿರುತ್ತದೆ. ಹಳೆಯ ಪುಟಗಳನ್ನು ಆಮೇಲೆ ತಿದ್ದಿ ಹೊಸ ಚಿತ್ರ ಸೇರಿಸಿರುವುದುಂಟು, ಹಾಗಾಗಿ ದಿನಾಂಕವನ್ನು ಪುಟದೊಳಗೆ ಹೋಗಿ ಪರೀಕ್ಷಿಸಿ.

ಸಿಕ್ಕ ಪ್ರತಿಗಳನ್ನು ಒಂದು ಹಾಳೆಯಲ್ಲಿ ವಂಶವೃಕ್ಷದಂತೆ ಬರೆದುಕೊಳ್ಳಿ. ಯಾವುದರಲ್ಲಿ ಎಷ್ಟು ಚೌಕಟ್ಟು, ಯಾವ ಮಾತು, ಯಾವ ಬಣ್ಣ, ಯಾವ ದಿನ. ಇದು ನನಗೆ ಬಹಳ ಇಷ್ಟವಾದ ಭಾಗ. ಹಸ್ತಪ್ರತಿಗಳ ಪಾಠಾಂತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ನಮ್ಮ ಗ್ರಂಥ ಸಂಪಾದಕರು ಮಾಡಿದ್ದೂ ಇದನ್ನೇ: ಒಂದು ತಪ್ಪು ಎರಡು ಪ್ರತಿಗಳಲ್ಲಿದ್ದರೆ ಅವು ಒಂದೇ ಮನೆಯವು.

ಪೆಟ್ಟಿಗೆಯ ಚಿತ್ರದ ವೃಕ್ಷ ಹೀಗೆ ಬೆಳೆಯಿತು. ಮೂರು ಚೌಕಟ್ಟುಗಳ ಪ್ರತಿಗಳಿವೆ; ಮೂರನೆಯದರಲ್ಲಿ ಬೇಲಿಯನ್ನೇ ಕಿತ್ತುಹಾಕಲಾಗಿದೆ. ಒಬ್ಬನ ಕಾಲ ಕೆಳಗೆ ಪೆಟ್ಟಿಗೆಗಳ ಗೋಪುರ, ಇನ್ನೊಬ್ಬನ ಕಾಲ ಕೆಳಗೆ ಗುಂಡಿ ಇರುವ ‘ವಾಸ್ತವ’ದ ಪ್ರತಿಗಳಿವೆ. ಇವೆಲ್ಲ ಕೊಂಬೆಗಳು. ಎರಡು ಚೌಕಟ್ಟಿನ, ನಯವಾಗಿ ಬರೆದ, ಇಂದು ಹೆಚ್ಚು ಹರಿದಾಡುವ ಪ್ರತಿಯ ಪೂರ್ಣ ರೂಪ ಸಿಕ್ಕಾಗ ಅದರ ಕೆಳಗೆ ಹೆಸರಿತ್ತು: ಇಂಟರ್‌ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಚೇಂಜ್, ಕಲಾವಿದ ಆಂಗಸ್ ಮ್ಯಾಗ್ವೈರ್. ಅದು 2016ರದ್ದು. ನನ್ನ ಫೋನಿಗೆ ಬಂದ ಪ್ರತಿಯಲ್ಲಿ ಸರಿಯಾಗಿ ಆ ಸಾಲನ್ನೇ ಕತ್ತರಿಸಲಾಗಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಸತ್ಯವಷ್ಟೇ ಸಿಗುತ್ತಿತ್ತು. 2016ಕ್ಕಿಂತ ಹಿಂದೆಯೇ ಅದೇ ಮೂವರು, ಅದೇ ಬೇಲಿ ಒರಟು ರೂಪದಲ್ಲಿ ಓಡಾಡುತ್ತಿದ್ದವು. ಆ ಜಾಡು ಸಿನ್ಸಿನಾಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರೇಗ್ ಫ್ರೋಲೆ ಅವರ ಬಳಿ ಹೋಗಿ ನಿಲ್ಲುತ್ತದೆ. ಅವರು ವೃತ್ತಿಯಿಂದ ವ್ಯಂಗ್ಯಚಿತ್ರಕಾರರಲ್ಲ, ವ್ಯವಹಾರ ನಿರ್ವಹಣೆ ಕಲಿಸುವವರು. 2012ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ನಂತರ ಆನ್‌ಲೈನ್ ವಾದವೊಂದರಲ್ಲಿ ತಮ್ಮ ಮಾತನ್ನು ವಿವರಿಸಲು ಅವರು ತಮ್ಮ ಊರಿನ ಬೇಸ್‌ಬಾಲ್ ಮೈದಾನದ ಫೋಟೊ, ಪೆಟ್ಟಿಗೆಯ ಚಿತ್ರ, ಬೇಲಿಯ ಚಿತ್ರ ಇವನ್ನೆಲ್ಲ ಪವರ್‌ಪಾಯಿಂಟ್‌ನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ಜೋಡಿಸಿ, ಆಗಿನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್‌ನಲ್ಲಿ ಹಾಕಿದರು. ಆ ಮೂಲದಲ್ಲಿ ಇದ್ದದ್ದು ಸಂಪ್ರದಾಯವಾದಿಯ ದೃಷ್ಟಿಯ ಸಮಾನತೆ ಮತ್ತು ಉದಾರವಾದಿಯ ದೃಷ್ಟಿಯ ಸಮಾನತೆ ಎಂಬ ಹೋಲಿಕೆ. ಉಳಿದ ಹೆಸರುಗಳೆಲ್ಲ ಚಿತ್ರ ಕೈ ಬದಲಿಸುತ್ತ ಹೋದಂತೆ ಬಂದವು. ತಮ್ಮ ಚಿತ್ರ ಹೀಗೆ ಮೈಬದಲಿಸುತ್ತ ಲೋಕ ಸುತ್ತಿದ ಕಥೆಯನ್ನು ಅವರೇ 2016ರಲ್ಲಿ ಬರೆದಿದ್ದಾರೆ.

ಯಾರಾದರೂ ‘ಇದು ನನ್ನದು’ ಎಂದರೆ ಅಷ್ಟಕ್ಕೇ ಒಪ್ಪಿಬಿಡಬೇಕೇ? ಬೇಡ. ಮೂರು ಸಂಗತಿ ನೋಡಿ: ಅವರು ತೋರಿಸುವ ಪ್ರತಿ ಉಳಿದೆಲ್ಲಕ್ಕಿಂತ ಹಳೆಯದೇ, ಚಿತ್ರ ತಯಾರಾದ ಬಗೆಯ ವಿವರ ಚಿತ್ರಕ್ಕೆ ಹೊಂದುತ್ತದೆಯೇ, ಅದಕ್ಕಿಂತ ಹಿಂದಿನ ಪ್ರತಿಯನ್ನು ಬೇರೆ ಯಾರಾದರೂ ತೋರಿಸಿದ್ದಾರೆಯೇ. ಫ್ರೋಲೆ ಹೇಳಿದ ವಿವರಗಳು, ಫೋಟೊದ ಮೈದಾನ ಮತ್ತು ಅಂಟಿಸಿದ ಪೆಟ್ಟಿಗೆಗಳು, ಅತ್ಯಂತ ಹಳೆಯ ಪ್ರತಿಯಲ್ಲಿ ಕಣ್ಣಿಗೆ ಕಾಣುತ್ತವೆ.

ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಮೂಲ ಜಾಗವೇ ಮಾಯವಾದಾಗ ಉಳಿಯುವ ದಾರಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಸತ್ತ ಕೊಂಡಿಯನ್ನು ಅಲ್ಲಿ ಹಾಕಿದರೆ ಆ ಪುಟ ಯಾವ ಯಾವ ದಿನ ಹೇಗಿತ್ತು ಎಂಬ ಪ್ರತಿಗಳು ಸಿಗಬಹುದು. ಆ ಪ್ರತಿ ತೆಗೆದ ದಿನಾಂಕ ಆಮೇಲೆ ಬದಲಾಗುವುದಿಲ್ಲವಾದ್ದರಿಂದ ಸಾಕ್ಷಿಯಾಗಿಯೂ ಅದು ಗಟ್ಟಿ. ನಿಮಗೆ ಸಿಕ್ಕ ಮುಖ್ಯ ಪುಟವನ್ನು ನೀವೂ ಅಲ್ಲಿ ಉಳಿಸಿಡಿ.

ಅಚ್ಚಿನ ಕಾಲದ ಚಿತ್ರಗಳು

ಅಂತರ್ಜಾಲಕ್ಕಿಂತ ಹಳೆಯ ಚಿತ್ರವಾದರೆ ಹುಡುಕುವ ಜಾಗ ಬೇರೆ. ಒಂದೇ ಗೆರೆಯಲ್ಲಿ ಬಾತುಕೋಳಿಯೂ ಮೊಲವೂ ಕಾಣುವ ಚಿತ್ರವನ್ನು ನೀವು ನೋಡಿರುತ್ತೀರಿ. ತತ್ತ್ವಶಾಸ್ತ್ರ ಓದಿದವರು ಅದನ್ನು ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಚಿತ್ರ ಎನ್ನುತ್ತಾರೆ. ವಿಟ್‌ಗೆನ್‌ಸ್ಟೈನ್ ಅದನ್ನು ಮನಶ್ಶಾಸ್ತ್ರಜ್ಞ ಜೋಸೆಫ್ ಜಾಸ್ಟ್ರೋ ಅವರಿಂದ ತೆಗೆದುಕೊಂಡೆ ಎಂದು ಹೇಳಿದ್ದಾರೆ. ಜಾಸ್ಟ್ರೋ ಅಮೆರಿಕದ ಹಾರ್ಪರ್ಸ್ ವೀಕ್ಲಿ ಪತ್ರಿಕೆಯನ್ನು ಹೆಸರಿಸಿದರು. ಹಾರ್ಪರ್ಸ್ ವೀಕ್ಲಿ ಮ್ಯೂನಿಕ್‌ನ ಹಾಸ್ಯಪತ್ರಿಕೆ ಫ್ಲೀಗೆಂಡೆ ಬ್ಲೆಟರ್ ಕಡೆಗೆ ಬೊಟ್ಟು ಮಾಡಿತು. ಅಲ್ಲಿ 1892ರ ಅಕ್ಟೋಬರ್ 23ರ ಸಂಚಿಕೆಯಲ್ಲಿ ಚಿತ್ರ ಇದೆ, ಸಹಿಯಿಲ್ಲದೆ. ಪ್ರತಿಯೊಬ್ಬರೂ ತಾವು ಎಲ್ಲಿಂದ ಪಡೆದೆವು ಎಂದು ಒಂದು ಸಾಲು ಬರೆದಿದ್ದರಿಂದ ಇಷ್ಟು ದೂರದ ದಾರಿ ಸಲೀಸಾಯಿತು. ಅವರಲ್ಲಿ ಒಬ್ಬರು ‘ಕೃಪೆ: ಪತ್ರಿಕೆಗಳು’ ಎಂದಷ್ಟೇ ಬರೆದಿದ್ದರೂ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು.

ತರುಣಿಯೂ ಮುದುಕಿಯೂ ಒಂದೇ ಮುಖದಲ್ಲಿ ಕಾಣುವ ಚಿತ್ರದ್ದು ಇನ್ನೊಂದು ಪಾಠ. 1930ರಲ್ಲಿ ಅದರ ಬಗ್ಗೆ ಬರೆದ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ಅವರ ಹೆಸರು ಅದಕ್ಕೆ ಅಂಟಿಕೊಂಡಿತು. ಬರೆದವರು ವ್ಯಂಗ್ಯಚಿತ್ರಕಾರ ಡಬ್ಲ್ಯು. ಇ. ಹಿಲ್, 1915ರ ನವೆಂಬರ್ 6ರ ಪಕ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆಮೇಲೆ ನೋಡಿದರೆ 1888ರ ಜರ್ಮನ್ ಪೋಸ್ಟ್‌ಕಾರ್ಡೊಂದರಲ್ಲಿ ಅದೇ ಕಲ್ಪನೆ ಇತ್ತು. ಹಾಗಾಗಿ ‘ಇದೇ ಮೂಲ’ ಎಂದು ಬರೆಯಬೇಡಿ. ‘ಈವರೆಗೆ ಸಿಕ್ಕ ಅತ್ಯಂತ ಹಳೆಯ ಪ್ರತಿ’ ಎಂದು ಬರೆಯಿರಿ.

ಇಂಥ ಹಳೆಯ ಪತ್ರಿಕೆಗಳು ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್, ಗೂಗಲ್ ಬುಕ್ಸ್‌ಗಳಲ್ಲಿ ಸಾಕಷ್ಟಿವೆ. ಫ್ಲೀಗೆಂಡೆ ಬ್ಲೆಟರ್ ಸಂಚಿಕೆಗಳನ್ನು ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ತೆರೆದಿಟ್ಟಿದೆ. ಕನ್ನಡದ ಹಳೆಯ ಚಿತ್ರವಾದರೆ ಹುಡುಕು ಯಂತ್ರದಿಂದ ಹೆಚ್ಚು ನಿರೀಕ್ಷಿಸಬೇಡಿ. ರಾ.ಶಿ. ಅವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’, ಆಮೇಲಿನ ‘ಸುಧಾ’, ‘ಮಯೂರ’, ‘ತರಂಗ’ಗಳ ನಗೆಚಿತ್ರಗಳನ್ನು ಹುಡುಕಲು ಗ್ರಂಥಾಲಯದ ಬೈಂಡು ಮಾಡಿದ ಸಂಪುಟಗಳನ್ನೇ ತಿರುವಬೇಕು. ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ ವ್ಯಂಗ್ಯಚಿತ್ರಗಳಿಗೆಂದೇ ಇರುವ ಗ್ಯಾಲರಿಯಲ್ಲಿ ಗೆರೆಯನ್ನು ಕಂಡೇ ಬರೆದವರ ಹೆಸರು ಹೇಳಬಲ್ಲ ಹಿರಿಯರು ಸಿಗುತ್ತಾರೆ. ಅಂಥವರಿಗೆ ಚಿತ್ರ ತೋರಿಸಿ ಕೇಳುವುದು ನಾಲ್ಕು ಯಂತ್ರಗಳಿಗಿಂತ ಹೆಚ್ಚು ಫಲ ಕೊಡುತ್ತದೆ.

ಪ್ರಸಿದ್ಧರ ತಲೆಗೆ ಕಟ್ಟುವುದು

ಯಾರದ್ದೆಂದು ತಿಳಿಯದ ಚಿತ್ರ ಪ್ರಸಿದ್ಧರ ಹೆಸರಿಗೆ ಹೋಗಿ ಸೇರುತ್ತದೆ. ನಮ್ಮಲ್ಲಿ ಆ ಹೊರೆ ಹೆಚ್ಚಾಗಿ ಆರ್.ಕೆ. ಲಕ್ಷ್ಮಣ್ ಅವರ ಮೇಲೆ ಬೀಳುತ್ತದೆ. ಮೈಸೂರಿನಲ್ಲಿ ಹುಟ್ಟಿ, ‘ಕೊರವಂಜಿ’ಗೆ ಚಿತ್ರ ಬರೆದು, ಮುಂದೆ ಮುಂಬೈಯಲ್ಲಿ ಶ್ರೀಸಾಮಾನ್ಯನನ್ನು ಸೃಷ್ಟಿಸಿದವರು ಅವರು. ಪಂಚೆ, ಚೌಕಳಿ ಕೋಟು, ಕನ್ನಡಕದ ಮುದುಕ ಕಂಡರೆ ಸಾಕು, ಅವರ ಹೆಸರು ಹಾಕಿಬಿಡುತ್ತಾರೆ. ಸುಲಭದ ಪರೀಕ್ಷೆ ಒಂದಿದೆ. ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು. ಚಿತ್ರ 2016ರ ನೋಟು ರದ್ದತಿಯ ಬಗ್ಗೆ ಇದ್ದರೆ ಅದು ಅವರದ್ದಲ್ಲ, ಅಥವಾ ಅವರ ಹಳೆಯ ಚಿತ್ರಕ್ಕೆ ಹೊಸ ಮಾತು ಅಂಟಿಸಲಾಗಿದೆ. ಶೈಲಿಯನ್ನು ಅನುಕರಿಸಬಹುದು, ಸಹಿಯನ್ನೂ ಕತ್ತರಿಸಿ ಅಂಟಿಸಬಹುದು. ದಿನಾಂಕವನ್ನು ಹೊಂದಿಸುವುದು ಅಷ್ಟು ಸುಲಭವಲ್ಲ.

ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರಕ್ಕೆ ಮೂಲ ಕಲಾವಿದರು ಸಿಗುವುದಿಲ್ಲ. ಒತ್ತಕ್ಷರಗಳು ಎಲ್ಲೆಲ್ಲೋ ತೂಗಾಡುವುದು, ಸಹಿಯ ಜಾಗದಲ್ಲಿ ಓದಲಾಗದ ಗೀಚು ಇರುವುದು, ಎಷ್ಟು ಹುಡುಕಿದರೂ ಹಳೆಯ ಪ್ರತಿ ಒಂದೂ ಸಿಗದಿರುವುದು ಇವೆಲ್ಲ ಸೇರಿದರೆ ಸಂಶಯಪಡಿ. ಒಂದೇ ಲಕ್ಷಣದಿಂದ ತೀರ್ಮಾನಿಸಬೇಡಿ.

ಹೆಸರು ಸಿಕ್ಕ ಮೇಲೆ

ಕಲಾವಿದರು ಬದುಕಿದ್ದರೆ ನೇರವಾಗಿ ಕೇಳಿ. ಈಗಿನ ವ್ಯಂಗ್ಯಚಿತ್ರಕಾರರಲ್ಲಿ ಬಹುಮಂದಿ, ಕುಂದಾಪುರದ ಸತೀಶ್ ಆಚಾರ್ಯ ಅವರಂಥವರು, ತಮ್ಮ ಚಿತ್ರಗಳನ್ನು ತಾವೇ ಸಾಮಾಜಿಕ ಜಾಲತಾಣದ ಪುಟಗಳಲ್ಲಿ ಹಾಕುತ್ತಾರೆ. ಹೋಲಿಸಿ ನೋಡುವುದೂ ಸುಲಭ, ಸಂದೇಶ ಕಳುಹಿಸುವುದೂ ಸುಲಭ. ನಿಮಗೆ ಬಂದ ಪ್ರತಿಯನ್ನೇ ಕಳುಹಿಸಿ ಎರಡು ಪ್ರಶ್ನೆ ಕೇಳಿ: ಇದು ನಿಮ್ಮದೇ, ಇದರ ಮಾತು ನೀವು ಬರೆದದ್ದೇ. ಎರಡನೆಯ ಪ್ರಶ್ನೆ ಮುಖ್ಯ. ಗೆರೆ ಅವರದ್ದಾಗಿದ್ದು, ಬಾಯಿಗೆ ತುರುಕಿದ ಮಾತು ಅವರು ಎಂದೂ ಒಪ್ಪದ ಮಾತಾಗಿರಬಹುದು. ಕೃತಿಯ ಮೇಲೆ ತನ್ನ ಹೆಸರು ಇರಬೇಕೆಂದು ಕೇಳುವ ಹಕ್ಕನ್ನೂ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕನ್ನೂ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಕೊಡುತ್ತದೆ. ಚಿತ್ರದ ಕೃತಿಸ್ವಾಮ್ಯ ಬರೆದವರ ಮರಣದ ನಂತರ 60 ವರ್ಷ ಉಳಿಯುತ್ತದೆ. ಆ ಲೆಕ್ಕದಲ್ಲಿ ಲಕ್ಷ್ಮಣ್ ಅವರ ಚಿತ್ರಗಳು 2075ರ ಕೊನೆಯವರೆಗೂ ರಕ್ಷಣೆಯಲ್ಲಿರುತ್ತವೆ. ಸಂಚಿಕೆಯಲ್ಲೋ ಪುಸ್ತಕದಲ್ಲೋ ಅಚ್ಚು ಹಾಕುವುದಾದರೆ ಹೆಸರು ಹಾಕಿದರಷ್ಟೇ ಸಾಲದು, ಅನುಮತಿಯೂ ಬೇಕು.

ಕೊನೆಗೆ ಚಿತ್ರದ ಕೆಳಗಿನ ಸಾಲು. ಯಾರದ್ದು ಗೆರೆ, ಯಾರದ್ದು ಕಲ್ಪನೆ, ಯಾರದ್ದು ಅನುವಾದ, ಯಾವ ವರ್ಷ ಎಂಬುದನ್ನು ಬೇರ್ಪಡಿಸಿ ಬರೆಯಿರಿ. ಗೊತ್ತಿಲ್ಲದ ಜಾಗದಲ್ಲಿ ‘ಕಲಾವಿದರ ಹೆಸರು ತಿಳಿದಿಲ್ಲ, ಸಿಕ್ಕ ಹಳೆಯ ಪ್ರತಿ ಇಂಥ ಪತ್ರಿಕೆ, ಇಂಥ ದಿನಾಂಕ’ ಎಂದು ನೇರವಾಗಿ ಹೇಳಿ, ಮುಂದೆ ಹುಡುಕುವವರಿಗೆ ಅಷ್ಟೇ ಸಾಕು. ನಮ್ಮ ಸ್ಮರಣ ಸಂಚಿಕೆಗೆ ನಾನು ಬರೆದುಕೊಟ್ಟ ಸಾಲು ಹೀಗಿತ್ತು: ‘ಮೂಲ ಕಲ್ಪನೆ: ಕ್ರೇಗ್ ಫ್ರೋಲೆ, 2012. ಚಿತ್ರ: ಆಂಗಸ್ ಮ್ಯಾಗ್ವೈರ್, ಇಂಟರ್‌ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಚೇಂಜ್, 2016. ಕನ್ನಡದ ಪದಗಳು ಮೂಲದಲ್ಲಿಲ್ಲ.’